ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಶಾಕ್ ಅಬ್ಸಾರ್ಬರ್: ಗಟ್ಟಿ ಇದ್ದಷ್ಟೂ ಒಳ್ಳೆಯದಾ?

ಇಲ್ಲ. ಸ್ಪ್ರಿಂಗ್ ಕಾರಿನ ಜೊತೆ ಕಂಪನಿಯಿಂದ ಬಂದದ್ದೇ ಇದ್ದರೆ ಅದಕ್ಕೆ ಹೊಂದುವ ಶಾಕ್ ಸಾಕು. ಗುಂಡಿಯ ಏಟನ್ನು ತಡೆದುಕೊಳ್ಳುವುದು ಸ್ಪ್ರಿಂಗು, ಆಮೇಲೆ ಅದು ಕುಣಿಯುತ್ತಲೇ ಇರದಂತೆ ಹಿಡಿಯುವುದು ಶಾಕು. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗುವಾಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಶಾಕ್ ತೀರಾ ಗಟ್ಟಿಯಾದರೆ ಗುಂಡಿ ದಾಟುವಾಗ ಚಕ್ರ ಬೇಗ ಕೆಳಗಿಳಿಯುವುದಿಲ್ಲ, ಟೈರಿನ ಹಿಡಿತ ತಪ್ಪುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಅದು ಬೇಕಾ? ನಮ್ಮ ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಯಲ್ಲಂತೂ ಸೊಂಟವೇ ಹೋಗುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿ ಕಾರು ತಗ್ಗಿಸಿದ್ದರೆ ಮಾತ್ರ ಕೋನಿ ಅನ್ನೋ ಶಾಕ್ ಕಂಪನಿಯವರ ಹಳದಿ ಶಾಕಿನಂಥ, ಬಿಗಿ ಹೆಚ್ಚುಕಮ್ಮಿ ಮಾಡಿಕೊಳ್ಳುವಂಥದ್ದಕ್ಕೆ ದುಡ್ಡು ಹಾಕಿ, ಇಲ್ಲದಿದ್ದರೆ ಸುಮ್ನೆ ಖರ್ಚು. ಮುಂದಿನ ಎರಡು ಅಥವಾ ಹಿಂದಿನ ಎರಡು, ಜೋಡಿಯಾಗೇ ಬದಲಿಸಿ. ಹಾಗೇ ಶಾಕಿನ ಮೇಲ್ತುದಿಯನ್ನು ಕಾರಿನ ಬಾಡಿಗೆ ಕೂರಿಸುವ ರಬ್ಬರ್ ಮೌಂಟ್ ಕೂಡ ಹೊಸದು ಹಾಕಿಸಿಬಿಡಿ, ಹಳೇ ಕಾರಲ್ವಾ, ಅದು ಬಿರಿದಿರುವುದೇ ಜಾಸ್ತಿ.