ಒಳಗಿನ ಗೆಲುವು ಬಿಡಿ, ಡಿಸೆಂಬರ್ ನೋಡಿ

ಪ್ರಶ್ನೆ: ನಾನು ಅಮೆರಿಕದಲ್ಲಿ ಎಂಎಸ್ ಓದುತ್ತಿದ್ದೇನೆ. ರೂಮ್‌ಮೇಟ್‌ಗಳಿಬ್ಬರಿಗೂ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಯಾವ ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಹೆಚ್ಚಾಗಿ ಆಡುವ ಕಾಲೇಜು ತಂಡಗಳ ಗುಂಪು) ದೊಡ್ಡದು ಅಂತ ದಿನಾ ಜಗಳ. ಒಬ್ಬ ‘ಚಾಂಪಿಯನ್ ಯಾರ ಕಡೆಯವರೋ ಅವರದ್ದೇ’ ಅಂತಾನೆ. ಇನ್ನೊಬ್ಬ ‘ನಮ್ಮಲ್ಲಿ ಯಾರು ಯಾರನ್ನು ಬೇಕಾದರೂ ಸೋಲಿಸ್ತಾರೆ, ಅದೇ ಬಲ’ ಅಂತಾನೆ. ಯಾರು ಸರಿ?

ಉತ್ತರ: ಎರಡೂ ಅಳತೆ ಸರಿಯಿಲ್ಲ. ಎರಡನೆಯವರ ಮಾತು ಮೊದಲು ತಗೊಳ್ಳೋಣ. ಕಾನ್ಫರೆನ್ಸ್ ಒಳಗಿನ ಪ್ರತಿ ಪಂದ್ಯದಲ್ಲೂ ಒಬ್ಬರು ಗೆಲ್ಲುತ್ತಾರೆ, ಒಬ್ಬರು ಸೋಲುತ್ತಾರೆ. ಒಟ್ಟು ಲೆಕ್ಕ ಯಾವಾಗಲೂ ಅರ್ಧಕ್ಕರ್ಧ. ಅಣ್ಣ ತಮ್ಮಂದಿರು ಒಬ್ಬರ ಜೇಬಿಂದ ಇನ್ನೊಬ್ಬರ ಜೇಬಿಗೆ ದುಡ್ಡು ಹಾಕಿಕೊಂಡರೆ ಮನೆಯ ದುಡ್ಡು ಜಾಸ್ತಿ ಆಗುತ್ತಾ? ಬಲ ಇಲ್ಲದ ಕಾನ್ಫರೆನ್ಸಿನಲ್ಲೂ ಎಲ್ಲರೂ ಎಲ್ಲರನ್ನೂ ಸೋಲಿಸಬಹುದು.

ಹಾಗಾಗಿ ಹೊರಗಿನವರ ಜೊತೆ ಆಡಿದ್ದನ್ನೇ ನೋಡಬೇಕು. ಅಂಥ ಪಂದ್ಯಗಳು ಹೆಚ್ಚಾಗಿ ನವೆಂಬರ್, ಡಿಸೆಂಬರಿನಲ್ಲೇ ಮುಗಿದುಹೋಗುತ್ತವೆ. ನಾನು ಆ ಎರಡು ತಿಂಗಳು ಒಂದು ನೋಟ್‌ಬುಕ್ ಇಡುತ್ತೇನೆ. ಕಾನ್ಫರೆನ್ಸಿಗೊಂದು ಪುಟ. ತವರಿನಲ್ಲಿ ಗೆದ್ದರೆ ನೀಲಿ ಶಾಯಿ, ಎದುರಾಳಿಯ ಊರಿಗೆ ಹೋಗಿ ಗೆದ್ದರೆ ಕೆಂಪು, ಇಬ್ಬರಿಗೂ ಸೇರದ ಜಾಗವಾದರೆ ಪೆನ್ಸಿಲ್. ಕೆಂಪು ಎಷ್ಟಿದೆ ಅನ್ನೋದೇ ನನಗೆ ಮುಖ್ಯ.

2024ರ ಡಿಸೆಂಬರಿನ ಪುಟ ಈಗಲೂ ತೆಗೆದು ನೋಡುತ್ತೇನೆ. ಎಸಿಸಿ ಮತ್ತು ಎಸ್‌ಇಸಿ ಅನ್ನುವ ಎರಡು ಕಾನ್ಫರೆನ್ಸುಗಳು ಮುಖಾಮುಖಿಯಾದ 16 ಪಂದ್ಯಗಳಲ್ಲಿ ಎಸ್‌ಇಸಿ 14 ಗೆದ್ದಿತು. ಎಸಿಸಿ ಗೆದ್ದ ಎರಡೂ ನೀಲಿಯಲ್ಲಿವೆ: ಕೆಂಟಕಿಯನ್ನು ಕ್ಲೆಮ್ಸನ್, ಆಬರ್ನ್ ತಂಡವನ್ನು ಡ್ಯೂಕ್ ತಮ್ಮ ತಮ್ಮ ತವರಿನಲ್ಲಿ ಸೋಲಿಸಿದವು. ನನಗೆ ಅವತ್ತೇ ಉತ್ತರ ಸಿಕ್ಕಿತ್ತು. ಮಾರ್ಚ್ ಬಂದಾಗ, ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ 68 ತಂಡಗಳ ಟೂರ್ನಿಗೆ ಎಸ್‌ಇಸಿಯ 16ರಲ್ಲಿ 14 ತಂಡ ಆಯ್ಕೆಯಾದವು. ಅದಕ್ಕೆ ಮುಂಚಿನ ದಾಖಲೆ 11. ಕೊನೆಯ 16ರಲ್ಲಿ ಏಳು ಅವರದೇ.

ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಕೂಡ ಜಾಗಕ್ಕೆ ಬೆಲೆ ಕೊಡುತ್ತದೆ. ಅವರ ನೆಟ್ ರ್ಯಾಂಕಿಂಗ್ ಪ್ರಕಾರ ಮೊದಲ ದರ್ಜೆಯ ಗೆಲುವು ಅನ್ನಿಸಿಕೊಳ್ಳಬೇಕಾದರೆ ತವರಿನಲ್ಲಿ ಮೊದಲ 30ರೊಳಗಿನ ತಂಡವನ್ನು ಸೋಲಿಸಬೇಕು. ಎದುರಾಳಿಯ ಅಂಗಳದಲ್ಲಾದರೆ 75ರೊಳಗಿದ್ದರೂ ಸಾಕು.

ಇನ್ನು ಚಾಂಪಿಯನ್ ವಿಷಯ. 2011ರಲ್ಲಿ ಬಿಗ್ ಈಸ್ಟ್ ಕಾನ್ಫರೆನ್ಸಿನ 11 ತಂಡಗಳು ಟೂರ್ನಿಯಲ್ಲಿದ್ದವು. ಕೊನೆಯ 16ಕ್ಕೆ ಬಂದಿದ್ದು ಎರಡೇ! ಅದರಲ್ಲೊಂದು ಕನೆಕ್ಟಿಕಟ್. ಕಾನ್ಫರೆನ್ಸ್ ಒಳಗೆ 9 ಗೆದ್ದು 9 ಸೋತಿದ್ದ ಆ ತಂಡವೇ ಕಪ್ ಎತ್ತಿತು. ಈಗ ಹೇಳಿ, ಆ ವರ್ಷ ಬಿಗ್ ಈಸ್ಟ್ ಗಟ್ಟಿಯೋ ಟೊಳ್ಳೋ? ಸೋತರೆ ಮನೆಗೆ ಅನ್ನುವ ಟೂರ್ನಿಯಿಂದ ಇದನ್ನು ತೀರ್ಮಾನಿಸೋಕೆ ಆಗಲ್ಲ. ಹಾಗೇ, ಗೊಂಜಾಗಾ 2017 ಮತ್ತು 2021ರಲ್ಲಿ ಫೈನಲ್ ಆಡಿತು ಅಂತ ಅದು ಆಗ ಇದ್ದ ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ ದೇಶಕ್ಕೇ ದೊಡ್ಡದಾಗಲಿಲ್ಲ, ಅಲ್ವಾ? ನಾನಂತೂ ಮೊದಲ ಸ್ಥಾನ ಬಿಟ್ಟು ಏಳನೆಯ, ಎಂಟನೆಯ ತಂಡಗಳನ್ನೇ ನೋಡುತ್ತೇನೆ. ನಡುವಿನವರು ಹೊರಗೆ ಹೋಗಿ ಗೆದ್ದು ಬಂದರೆ ಅದು ನಿಜವಾದ ಬಲ.

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್‌ಗೂ ಇದೇ ಲೆಕ್ಕವೇ? ಸೀಸನ್ ಕೊನೆಗೆ ನಡೆಯುವ ಬೌಲ್ ಪಂದ್ಯಗಳನ್ನು ಎಣಿಸಿದರೆ ಸಾಲದೇ?

ಉತ್ತರ: ಲೆಕ್ಕ ಅದೇ, ಆದರೆ ಫುಟ್‌ಬಾಲ್‌ನಲ್ಲಿ ಪಂದ್ಯಗಳೇ ಕಡಿಮೆ. ಅದಕ್ಕೇ ಕಷ್ಟ. ಬೌಲ್ ಪಂದ್ಯಗಳನ್ನು ನಾನು ಎಣಿಸುವುದಿಲ್ಲ. 2016ರ ಸೀಸನ್ ಕೊನೆಗೆ ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ತಯಾರಾಗಲು ಬೌಲ್ ಆಡದೇ ಉಳಿದರು. ಆಮೇಲೆ ಅದು ಮಾಮೂಲಾಯಿತು. ಅರ್ಧ ತಂಡ ಹೊರಗಿದ್ದಾಗ ಸೋತರೆ ಅದನ್ನು ಕಾನ್ಫರೆನ್ಸಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ ಹಾಗಲ್ಲ, ಅಲ್ಲಿ ಎಲ್ಲರೂ ಜೀವ ತೇಯುತ್ತಾರೆ. 12 ತಂಡಗಳ ಮೊದಲ ಪ್ಲೇಆಫ್‌ನಲ್ಲಿ ಬಿಗ್ ಟೆನ್ ಕಾನ್ಫರೆನ್ಸಿನ ಒಹಾಯೊ ಸ್ಟೇಟ್ ಎಸ್‌ಇಸಿಯ ಇಬ್ಬರನ್ನು ಸೋಲಿಸಿತು. ತವರಿನಲ್ಲಿ ಟೆನೆಸಿಯನ್ನು 42-17ರಿಂದ: ನೀಲಿ. ಟೆಕ್ಸಸ್ ತಂಡವನ್ನು 28-14ರಿಂದ ಸೋಲಿಸಿದ್ದು ಹೆಸರಿಗೆ ಇಬ್ಬರದ್ದೂ ಅಲ್ಲದ ಅಂಗಳ. ಆದರೆ ಅದು ಟೆಕ್ಸಸ್ ರಾಜ್ಯದೊಳಗಿನ ಆರ್ಲಿಂಗ್ಟನ್. ಪೆನ್ಸಿಲ್ ಕೆಳಗಿಟ್ಟು ಕೆಂಪು ಶಾಯಿಯಲ್ಲೇ ಬರೆದೆ.