ದ್ವಿತೀಯ ಪಿಯುಸಿ ಭೌತಶಾಸ್ತ್ರ: 100 ವೋಲ್ಟ್‌ನಲ್ಲಿ ವೇಗ ಪಡೆದ ಎಲೆಕ್ಟ್ರಾನಿನ ತರಂಗದೂರ ಎಷ್ಟು? ನನಗೆ 12.4 ನ್ಯಾನೋಮೀಟರ್ ಬರುತ್ತಿದೆ, ತಪ್ಪೆಲ್ಲಿ?

ನೀವು ಬಳಸಿರುವುದು ಬೆಳಕಿನ ಕಣವಾದ ಫೋಟಾನಿನ ಸೂತ್ರ. ಅದರಲ್ಲಿ ಬರುವ 1240 ಅನ್ನು 100ರಿಂದ ಭಾಗಿಸಿದ್ದೀರಿ, ಅಲ್ಲವೇ? ಕಬ್ಬನ್ ಪಾರ್ಕಿನ ಗ್ರಂಥಾಲಯದ ಹೊರಗಿನ ಕಲ್ಲುಬೆಂಚಿನ ಮೇಲೆ ನಾವು ನಾಲ್ವರು ಓದುತ್ತಿದ್ದಾಗ ಗೆಳತಿಯೊಬ್ಬಳು ಇದೇ ಉತ್ತರ ಬರೆದಿದ್ದಳು. ಅದನ್ನು ಅವಳಿಗೆ ಬಿಡಿಸಿ ಹೇಳುವಾಗಲೇ ನನಗೂ ವಿಷಯ ಸರಿಯಾಗಿ ತಲೆಗೆ ಹೋದದ್ದು.

ಫೋಟಾನಿಗೆ ನಿಶ್ಚಲ ದ್ರವ್ಯರಾಶಿ ಇಲ್ಲ, ಎಲೆಕ್ಟ್ರಾನಿಗೆ ಇದೆ. ಆದ್ದರಿಂದ ಮೊದಲು ಸಂವೇಗ ಕಂಡುಹಿಡಿಯಬೇಕು: ದ್ರವ್ಯರಾಶಿಯನ್ನು ಚಲನಶಕ್ತಿಯಿಂದ ಗುಣಿಸಿ, ಎರಡರಷ್ಟು ಮಾಡಿ, ವರ್ಗಮೂಲ ತೆಗೆಯಿರಿ. ಪ್ಲಾಂಕ್ ಸ್ಥಿರಾಂಕವನ್ನು ಅದರಿಂದ ಭಾಗಿಸಿದರೆ ಡಿ ಬ್ರಾಯ್ ತರಂಗದೂರ, ಅಂದರೆ ಚಲಿಸುವ ಕಣದ ತರಂಗದೂರ, ಸಿಗುತ್ತದೆ. ಎಲೆಕ್ಟ್ರಾನಿಗೆ ಇದು ನ್ಯಾನೋಮೀಟರ್‌ಗಳಲ್ಲಿ 1.227 ಭಾಗಿಸು ವೋಲ್ಟಿನ ವರ್ಗಮೂಲ ಎಂದು ಸರಳವಾಗುತ್ತದೆ. 100ರ ವರ್ಗಮೂಲ 10. ಉತ್ತರ ಸುಮಾರು 0.123 ನ್ಯಾನೋಮೀಟರ್. ನಿಮ್ಮದು ನೂರು ಪಟ್ಟು ಹೆಚ್ಚಾಗಿತ್ತು.

ಈ ಅಳತೆ ಹೆಚ್ಚುಕಡಿಮೆ ಹರಳಿನ ಪರಮಾಣುಗಳ ನಡುವಿನ ಅಂತರದಷ್ಟೇ ಇದೆ ಎಂಬುದನ್ನು ಗಮನಿಸಿ, ನನಗೆ ಇಡೀ ಅಧ್ಯಾಯದಲ್ಲಿ ಅತ್ಯಂತ ಸುಂದರವಾಗಿ ಕಂಡದ್ದು ಇದೇ. 1927ರಲ್ಲಿ ಡೇವಿಸನ್ ಮತ್ತು ಜರ್ಮರ್ ನಿಕ್ಕಲ್ ಹರಳಿನ ಮೇಲೆ 54 ವೋಲ್ಟಿನ ಎಲೆಕ್ಟ್ರಾನುಗಳನ್ನು ಹಾಯಿಸಿದಾಗ 50 ಡಿಗ್ರಿಯಲ್ಲಿ ಚದುರಿದ ಎಲೆಕ್ಟ್ರಾನುಗಳ ಸಂಖ್ಯೆಯಲ್ಲಿ ಸ್ಪಷ್ಟ ಶಿಖರ ಕಂಡಿತು. ಅದರಿಂದ ಲೆಕ್ಕ ಹಾಕಿದ ತರಂಗದೂರ 0.165 ನ್ಯಾನೋಮೀಟರ್, ಸೂತ್ರ ಕೊಡುವುದು 0.167.

ಎಸೆದ ಕ್ರಿಕೆಟ್ ಚೆಂಡಿಗೂ ತರಂಗವಿದೆ. ಆದರೆ ಅದರ ತರಂಗದೂರ ಪರಮಾಣುವಿನ ಬೀಜಕ್ಕಿಂತಲೂ ಎಷ್ಟೋ ಚಿಕ್ಕದು, ಹಾಗಾಗಿ ಕಾಣುವುದಿಲ್ಲ.