ಎರಡನೆಯದನ್ನು ಕೊನೆಗೆ ಓದು

ಪ್ರಶ್ನೆ: ಅಕ್ಕಾ, ನಾನು ಗದಗಿನವನು. ಹಗಲು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ, ರಾತ್ರಿ ಕಥೆ ಬರೆಯುತ್ತೇನೆ. ಕಳಿಸಿದ್ದು ಯಾವುದೂ ಅಚ್ಚಾಗಿಲ್ಲ. ಅಮೆರಿಕದ ಕಾದಂಬರಿಕಾರ ಜಾನ್ ಫಾಂಟೆಯವರ 'ದ ಬಂದಿನಿ ಕ್ವಾರ್ಟೆಟ್' ಸಿಕ್ಕಿದೆ. ಒಬ್ಬನೇ ಹುಡುಗನ ಮೇಲೆ ನಾಲ್ಕು ಕಾದಂಬರಿ, ಒಂದೇ ಸಂಪುಟ. ಹೇಗೆ ಓದಲಿ? ಇನ್ನೊಂದು. ನನ್ನ ಮೊದಲ ಕಾದಂಬರಿಯ ನೋಟ್‌ಬುಕ್ ತೆರೆದರೆ ನಾಚಿಕೆಯಾಗುತ್ತದೆ. ರದ್ದಿಗೆ ಹಾಕಿಬಿಡಲಾ?

ಉತ್ತರ: ತಮ್ಮಾ, ರದ್ದಿಗೆ ಹಾಕಬೇಡ. ಯಾಕೆ ಅಂತ ಆ ಸಂಪುಟವೇ ಹೇಳುತ್ತದೆ.

'ವೇಟ್ ಅಂಟಿಲ್ ಸ್ಪ್ರಿಂಗ್, ಬಂದಿನಿ'ಯಿಂದ ಶುರು ಮಾಡು. 1938ರದು. ಆರ್ಟುರೊ ಬಂದಿನಿ ಇನ್ನೂ 14ರ ಹುಡುಗ. ಅಪ್ಪ ಇಟಲಿಯಿಂದ ಅಮೆರಿಕಕ್ಕೆ ಬಂದ ಗೌಂಡಿ. ಕೊಲೊರಾಡೊದಲ್ಲಿ ಹಿಮ ಬಿದ್ದರೆ ಕೆಲಸವೇ ಇಲ್ಲ. ನಮ್ಮಪ್ಪನೂ ಧಾರವಾಡದಲ್ಲಿ ಗೌಂಡಿ. ಜಿಟಿಜಿಟಿ ಮಳೆ ಹಿಡಿದರೆ ಅವನ ಕರಣಿ ವಾರಗಟ್ಟಲೆ ಮೂಲೆ ಸೇರುತ್ತಿತ್ತು. ಆಗ ಅವ್ವ ನನ್ನ ಕೈ ಹಿಡಿದು ಮಾಳಮಡ್ಡಿಯ ಕಿರಾಣಿ ಅಂಗಡಿಗೆ ಉದ್ರಿ ಕೇಳಲು ಹೋಗುತ್ತಿದ್ದಳು. ಬೇರೆ ಗಿರಾಕಿಗಳೆಲ್ಲ ಹೋಗುವ ತನಕ ಬದಿಗೆ ನಿಲ್ಲುತ್ತಿದ್ದಳು. ಈ ಕಾದಂಬರಿಯಲ್ಲಿ ಆರ್ಟುರೊನ ತಾಯಿ ಮರಿಯಾ ಉದ್ರಿಗಾಗಿ ಅಂಗಡಿಗೆ ಹೋಗುವ ಪುಟಗಳಿವೆ. ಅಲ್ಲಿ ಪುಸ್ತಕ ಮುಚ್ಚಿ ಸುಮ್ನೆ ಕೂತೆ. ನಮ್ಮವ್ವನನ್ನು ನಾನೇ ಅಷ್ಟು ಹತ್ತಿರದಿಂದ ಬರೆದಿರಲಿಲ್ಲ.

ಎರಡನೆಯದನ್ನು ಬಿಟ್ಟು 'ಆಸ್ಕ್ ದ ಡಸ್ಟ್'ಗೆ ಹೋಗು. 1939ರದು. ಆರ್ಟುರೊ ಈಗ ಬರಹಗಾರನಾಗಲು ಹೊರಟ ಯುವಕ. ಲಾಸ್ ಏಂಜಲೀಸ್‌ನ ಬಂಕರ್ ಹಿಲ್‌ನಲ್ಲಿ ಒಂದು ಖೋಲಿ, ಬಾಡಿಗೆ ಬಾಕಿ, ಹೊಟ್ಟೆಗೆ ಬರೀ ಕಿತ್ತಳೆ, ಸಂಪಾದಕನಿಗೆ ಉದ್ದುದ್ದ ಪತ್ರ. ನಿನಗೆ ಗೊತ್ತಿರುವ ಬದುಕೇ ಅಲ್ವಾ? ಆದರೆ ಅವನು ತಾನು ಮೆಚ್ಚಿದ ವೇಟ್ರೆಸ್ ಕಮಿಲಾಳನ್ನು ಮೆಕ್ಸಿಕೊದವಳೆಂದು ಹೀಯಾಳಿಸುತ್ತಾನೆ. ಇಟಲಿಯವನೆಂದು ಜನ ತನ್ನನ್ನು ಆಡಿಕೊಂಡದ್ದು ನೆನಪಿದ್ದೂ ಹೀಯಾಳಿಸುತ್ತಾನೆ. ಆ ಪುಟಗಳನ್ನು ಹಾರಿಸಬೇಡ.

ನಾಲ್ಕನೆಯದು 'ಡ್ರೀಮ್ಸ್ ಫ್ರಮ್ ಬಂಕರ್ ಹಿಲ್', 1982. ಸಕ್ಕರೆ ಕಾಯಿಲೆಯಿಂದ ಫಾಂಟೆಯವರ ಕಣ್ಣು ಹೋಗಿತ್ತು. ಅವರು ಹೇಳಿದರು, ಹೆಂಡತಿ ಜಾಯ್ಸ್ ಬರೆದುಕೊಂಡರು. ಮರುವರ್ಷ ಫಾಂಟೆ ತೀರಿಕೊಂಡರು.

ಈಗ ಎರಡನೆಯದನ್ನು ತೆಗೆ, 'ದ ರೋಡ್ ಟು ಲಾಸ್ ಏಂಜಲೀಸ್'. ನಿಜವಾಗಿ ಅವರು ಮೊದಲು ಬರೆದದ್ದು ಇದೇ. 1936ರಲ್ಲೇ ಮುಗಿದಿತ್ತು, ಅಚ್ಚು ಹಾಕುವವರು ಸಿಗಲಿಲ್ಲ. ಅವರು ಹೋದ ಮೇಲೆ ಜಾಯ್ಸ್‌ಗೆ ಕಾಗದಗಳ ನಡುವೆ ಸಿಕ್ಕಿತು. 1985ರಲ್ಲಿ ಹೊರಬಂತು. ಒರಟು ಬರವಣಿಗೆ, ಕೂಗಾಟ ಜಾಸ್ತಿ. ಮೀನಿನ ಕಾರ್ಖಾನೆಯಲ್ಲಿ ದುಡಿಯುತ್ತ, ತಾನು ದೊಡ್ಡ ಲೇಖಕ ಅಂತ ಸಿಕ್ಕವರಿಗೆಲ್ಲ ಹೇಳುವ ಹುಡುಗ. ಮೊದಲೇ ಓದಿದರೆ ಬೇಸರವಾಗಿ ಕೆಳಗಿಟ್ಟುಬಿಡುತ್ತೀ. ಕೊನೆಗೆ ಓದಿದರೆ ಆ ಕೂಗಾಟದೊಳಗೇ 'ಆಸ್ಕ್ ದ ಡಸ್ಟ್' ಮೊಳಕೆ ಒಡೆಯುತ್ತಿರುವುದು ಕಾಣುತ್ತದೆ.

ನನ್ನ ಮೊದಲ ನೋಟ್‌ಬುಕ್ಕನ್ನು ನಾನು ಬಚ್ಚಲ ಒಲೆಗೆ ಹಾಕಿದೆ. ಅಪ್ಪ ಬಾಗಿಲಲ್ಲಿ ಕೂತು ಮಳೆ ನೋಡುವ ಒಂದು ಪುಟ ಅದರಲ್ಲಿತ್ತು. ಆಮೇಲೆ ಎಷ್ಟು ಸಲ ಬರೆದರೂ ಅದು ಹಾಗೆ ಬರಲಿಲ್ಲ. ನಿನ್ನದನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಡು.